ಬೇಕಲದ ಮರಳು ಖಾಲಿ ಬಿದ್ದಿರಲಿಲ್ಲ

ರಜೆ ಬಂತೆಂದರೆ ಸಾಕು, ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಬುರುಜಿನ ಮೇಲೆ ನಿಂತ ಫೋಟೋಗಳು ಫೇಸ್‌ಬುಕ್ ತುಂಬ. ಕೆಳಗೆ "ನಮ್ಮ ಶಿವಪ್ಪ ನಾಯಕ ಕಟ್ಟಿಸಿದ್ದು" ಎಂಬ ಹೆಮ್ಮೆ. ಹೆಮ್ಮೆ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಜೊತೆಗೊಂದು ಕಮೆಂಟ್ ಬರುತ್ತದಲ್ಲ, "ಇಷ್ಟು ಚಂದದ ಬೀಚು ಸುಮ್ಮನೆ ಬಿದ್ದಿತ್ತು, ಈಗಲಾದರೂ ಡೆವಲಪ್ ಆಯಿತು" ಅಂತ, ಅದನ್ನು ಓದಿದಾಗ ಮೈಯೆಲ್ಲ ಉರಿಯುತ್ತದೆ.

ಕಡಲ ಕರೆಯ ಮರಳು ಯಾವತ್ತೂ ಸುಮ್ಮನೆ ಬಿದ್ದಿರಲಿಲ್ಲ. ನಮ್ಮ ಕುಂಬಳೆ, ಕೊಯಿಪ್ಪಾಡಿ ಕಡೆ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ಒಮ್ಮೆ ನಿಂತು ನೋಡಿ. ದೋಣಿ ಬಲೆ ಬಿಡುತ್ತಾ ಕಡಲಲ್ಲಿ ದೊಡ್ಡ ಸುತ್ತು ಹಾಕಿ ಬರುತ್ತದೆ. ಹಗ್ಗದ ಎರಡು ತುದಿ ಎರಡು ತಂಡದ ಕೈಯಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ದೂರ ನಿಂತವರು ಎಳೆಯುತ್ತಾ ಎಳೆಯುತ್ತಾ ಹತ್ತಿರ ಸರಿಯುತ್ತಾರೆ. ಆ ಉದ್ದಕ್ಕೂ ಮರಳು ತೆರವಾಗಿರಬೇಕು. ನಡುವೆ ಒಂದು ಬೇಲಿ, ಒಂದು ಕಾಂಕ್ರೀಟ್ ಬೆಂಚು ಬಂದರೂ ಬಲೆ ಬಿಟ್ಟು ಪ್ರಯೋಜನವಿಲ್ಲ. ಆಮೇಲೆ ಬೂತಾಯಿ ಮೀನು ಒಣಗಿಸಲು ಜಾಗ ಬೇಕು, ಬಲೆ ಹರಡಲು ಬೇಕು, ಮಳೆಗಾಲದಲ್ಲಿ ದೋಣಿ ಎಳೆದು ತೆಂಗಿನ ಬುಡದಲ್ಲಿ ಇಡಲು ಬೇಕು. ಪೇಟೆಯವರಿಗೆ ಖಾಲಿ ಕಾಣುವುದು ಅವರ ಕೆಲಸದ ಅಂಗಳ.

ಆ ಅಂಗಳಕ್ಕೆ ಕಟ್ಟುಕಟ್ಟಳೆಯೂ ಇತ್ತು. ಬೇಕಲದಿಂದ ಕಾಸರಗೋಡಿನ ಕಸಬದವರೆಗೆ ಭಗವತಿ ಕ್ಷೇತ್ರಗಳ ಸುತ್ತ ನಡೆದುಬಂದ ಕಡಲ ನ್ಯಾಯಕ್ಕೆ ಕಡಕ್ಕೋಡಿ ಎನ್ನುತ್ತಾರೆ. ಬಲೆಯ ಜಗಳ, ಮೀನಿನ ಪಾಲಿನ ತಕರಾರು, ಕಡಲಿಗೆ ಇಳಿಯುವ ನಿಯಮ ಎಲ್ಲ ಅಲ್ಲೇ ತೀರ್ಮಾನ. ಕಾಗದ ಮಾತ್ರ ಇರಲಿಲ್ಲ.

ಎಡವಟ್ಟಾದದ್ದು ಅಲ್ಲೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಕರಾವಳಿ, ಅಂದಿನ ಕೆನರಾ, ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. ವರ್ಗದ, ಅಂದರೆ ಕಂದಾಯ ಕಟ್ಟುವ ಹಿಡುವಳಿ ಜಮೀನಿನ, ಲೆಕ್ಕ ಮುಂಚೆಯೂ ಇತ್ತು. ನಾಯಕರೇನು ತೀರ್ವೆ ಬಿಟ್ಟವರಲ್ಲ, ಕೋಟೆ ಪುಕ್ಕಟೆ ಏಳುವುದಿಲ್ಲ. ಆದರೆ ಜಮೀನಿನ ಪಟ್ಟೆ ಇದ್ದವನೇ ಮನುಷ್ಯ ಎಂಬಷ್ಟು ಬಿಗಿ ಮಾಡಿದ್ದು ಕಂಪನಿ, ಆಮೇಲೆ ಮದ್ರಾಸ್ ಸರಕಾರ. ವರ್ಗದಾರನಿಗೆ ಗಡಿಯಾಚೆ 100 ಗಜದವರೆಗೆ ಕುಮ್ಕಿ ಸವಲತ್ತು ಸಿಕ್ಕಿತು, ಸೊಪ್ಪು, ಕಟ್ಟಿಗೆ, ಮೇವು ಅವನಿಗೆ. ಮೀನು ಹಿಡಿಯುವ ಮೊಗವೀರನಿಗೆ, ಮುಕ್ವನಿಗೆ ವರ್ಗವೇ ಇಲ್ಲ, ಇನ್ನು ಕುಮ್ಕಿ ಎಲ್ಲಿಂದ? ಅವರು ತಲೆಮಾರುಗಳಿಂದ ದುಡಿದ ಮರಳು ದಫ್ತರದಲ್ಲಿ ಪೊರಂಬೋಕು, ಅಂದರೆ ಯಾರ ಹೆಸರಿನಲ್ಲೂ ಇಲ್ಲದ ಸರಕಾರಿ ಜಾಗ, ಆಯಿತು. (ನಮ್ಮ ಅಜ್ಜಂದಿರ ಕುಮ್ಕಿ ಕತೆಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಗಡಿಕಲ್ಲಿನ ಆಚೆ ಯಾರಿದ್ದರು ಎಂದು ಎಷ್ಟು ಮನೆಯಲ್ಲಿ ಮಾತಾಗಿದೆ?)

ಮುಂದಿನದ್ದೆಲ್ಲ ಬೇಗ ಬೇಗ ಆಯಿತು. 1907ರಲ್ಲಿ ರೈಲು ಮಂಗಳೂರು ಮುಟ್ಟಿತು, ಹಳಿ ಕರಾವಳಿಗುಂಟವೇ ಬಂತು. 1916ರಲ್ಲಿ ಮದ್ರಾಸ್ ಸರಕಾರ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆಯಿತು, ಇವತ್ತಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಅದೇ. ತೆಂಗಿಗೆ ಸರಕಾರ ಬಂತು, ಬಲೆಗೆ ಬರಲಿಲ್ಲ.

1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿತು. 1995ರಲ್ಲಿ ಬೇಕಲ ರಿಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿತು. ಜಾಗ ಪಡೆದು ಹೋಟೆಲ್ ಕಂಪನಿಗಳಿಗೆ ಲೀಸಿಗೆ ಕೊಡುವುದು ಅದರ ದಾರಿ. ಕೆಲಸ ಸಿಕ್ಕಿದ್ದು ಸುಳ್ಳಲ್ಲ, ನಮ್ಮೂರ ಮಕ್ಕಳೇ ಅಲ್ಲಿ ದುಡಿಯುತ್ತಾರೆ, ಅವರ ಅನ್ನಕ್ಕೆ ಕಲ್ಲು ಹಾಕುವ ಮಾತು ನನ್ನದಲ್ಲ. ಆದರೆ ದಫ್ತರದಲ್ಲಿ ಯಾರದ್ದೂ ಅಲ್ಲ ಎಂದು ಬರೆದಿಟ್ಟ ಮರಳನ್ನು ಯಾರಿಗೆ ತೋರಿಸಿದರೂ ಕೇಳುವವರಿರಲಿಲ್ಲ. ಬ್ರಿಟಿಷರ ಪುಸ್ತಕವನ್ನೇ ನಾವು ಬಣ್ಣದ ಬ್ರೋಷರ್ ಮಾಡಿಕೊಂಡೆವು. ಪರಿಚಯದ ಹಿರಿಯ ಮೀನುಗಾರರೊಬ್ಬರು ಮಲಯಾಳದಲ್ಲಿ ಹೇಳಿದ್ದು: "ಮಾಷ್ಟ್ರೇ, ಅಪ್ಪ ಬಲೆ ಒಣಗಿಸಿದ ಜಾಗದಲ್ಲಿ ಕೂತರೆ ಈಗ ಗಾರ್ಡ್ ಸೀಟಿ ಊದುತ್ತಾನೆ. ಅವನೂ ನಮ್ಮ ಕೇರಿಯ ಹುಡುಗನೇ."

ಈಗಿನ ಲೆಕ್ಕ ಇನ್ನೂ ವಿಚಿತ್ರ. ಕಡಲಬ್ಬರಕ್ಕೆ ಸಿಕ್ಕುವ 50 ಮೀಟರ್ ಒಳಗಿನ ಕುಟುಂಬಗಳು ಬೇರೆಡೆ ಹೋಗಲಿ ಎಂದು ಕೇರಳ ಸರಕಾರ ಪುನರ್‌ಗೇಹಂ ಯೋಜನೆಯಲ್ಲಿ 10 ಲಕ್ಷ ರೂಪಾಯಿ ಕೊಡುತ್ತದೆ. ಮುಸೋಡಿಯ ಕಡಲ್ಕೊರೆತ ಕಂಡವರು ಅದನ್ನು ತಪ್ಪೆನ್ನಲಾರರು. ಆದರೆ ಅದೇ ಹೊತ್ತಿಗೆ, ಕೇಂದ್ರದ 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಗೆರೆಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಮರಳಿನ ಮೇಲೆ ಪ್ರವಾಸಿಗರಿಗೆ ತಾತ್ಕಾಲಿಕ ಶೆಡ್ಡುಗಳಿಗೂ ದಾರಿ ಬಿಟ್ಟಿತು. ಬಲೆಯವನು ಹಿಂದೆ ಸರಿಯಬೇಕು, ಗುಡಿಸಲಿನಾಕಾರದ ಕಾಫಿ ಅಂಗಡಿ ಮುಂದೆ ಬರಬಹುದು!

ನಾಮಫಲಕದಲ್ಲಿ ಕನ್ನಡ ಬಿಟ್ಟುಹೋದರೆ ನಾವು ಬೀದಿಗಿಳಿಯುತ್ತೇವೆ, ಇಳಿಯಬೇಕು ಕೂಡ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ಗಾಯ ನೆಕ್ಕಿಕೊಳ್ಳುತ್ತಾ ಕೂತ ನಮಗೆ ಪಕ್ಕದ ಕೇರಿಯವರ ಅಂಗಳ ಹೋದದ್ದು ಕಾಣಲಿಲ್ಲ, ಅವರ ಮಾತು ತುಳುವೋ ಮಲಯಾಳವೋ ಆಗಿತ್ತೆಂದು ಇರಬೇಕು. ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ಮೀನು ಒಣಗಿಸುವ, ಬಲೆ ಹರಡುವ ಜಾಗಗಳನ್ನು ಗುರುತಿಸಿದ್ದೀರಾ ಎಂದು ಪಂಚಾಯತಿಗೆ ಕೇಳೋಣ. ಭಾಷಾ ಅಲ್ಪಸಂಖ್ಯಾತರಾಗಿ ಉತ್ತರವನ್ನು ಕನ್ನಡದಲ್ಲೇ ಕೊಡಿ ಎನ್ನೋಣ. ಅರ್ಜಿ ನಾನು ಬರೆಯುತ್ತೇನೆ, ಕಡಪ್ಪುರದ, ಅಂದರೆ ಕಡಲ ಕರೆಯ ಕೇರಿಯವರ, ಸಹಿ ಮೊದಲು, ನಮ್ಮದು ಆಮೇಲೆ. ಬರುವವರು ಇನ್‌ಬಾಕ್ಸಿಗೆ ಬನ್ನಿ.