ಸಿಜಿಪಿಎ ಕಡಿಮೆ ಇದೆ ಅಂತ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕದೆ ಕೂರಬೇಡಿ

ಬೆಂಗಳೂರಿನ ಒಂದು ಸಣ್ಣ ಎಂಬೆಡೆಡ್ (ಯಂತ್ರಗಳ ಒಳಗಿನ ಚಿಪ್ ಮತ್ತು ಅದರ ಕೋಡಿನ ಕೆಲಸ ಮಾಡುವ) ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಟೀಮಿಗೆ ಬರುವ ಇಂಟರ್ನ್ ಅರ್ಜಿಗಳನ್ನು ನಾನೇ ಓದುತ್ತೇನೆ. ಅದು ಗೊತ್ತಿರುವ ನಮ್ಮೂರ ಕಡೆಯ ಹುಡುಗರು, ಹುಡುಗಿಯರು ಎಂಜಿನಿಯರಿಂಗ್ ಆರನೇ ಸೆಮ್ ಮುಗಿಯುತ್ತಾ ಬಂದ ಹಾಗೆ ಮೆಸೇಜ್ ಮಾಡುತ್ತಾರೆ. "ಅಣ್ಣಾ, ನಂದು 5.8, ಎಂ-3 ಬ್ಯಾಕ್ ಉಳಿದಿದೆ, ಎಲ್ಲೂ ತಗೊಳ್ಳಲ್ಲ ಅಲ್ವಾ?" 5.8 ಅಂದರೆ ಸಿಜಿಪಿಎ, ಎಲ್ಲಾ ಸೆಮ್‌ಗಳ ಒಟ್ಟು ಸರಾಸರಿ, 10ಕ್ಕೆ; ಎಂ-3 ಅಂದರೆ ಮೂರನೇ ಗಣಿತ ಪತ್ರಿಕೆ, ಬ್ಯಾಕ್ ಅಂದರೆ ಪಾಸಾಗದೆ ಉಳಿದ ವಿಷಯ. ಇವರಲ್ಲಿ ಎಷ್ಟೋ ಜನ ಎಲ್ಲಿಗೂ ಅರ್ಜಿಯನ್ನೇ ಹಾಕಿರುವುದಿಲ್ಲ. ಬೇರೆಯವರು ಇಲ್ಲ ಅನ್ನುವ ಮೊದಲೇ ತಾವೇ ಇಲ್ಲ ಅಂದುಕೊಂಡಿರುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ "60 ಪರ್ಸೆಂಟ್ ಥ್ರೂಔಟ್, ನೋ ಆ್ಯಕ್ಟಿವ್ ಬ್ಯಾಕ್‌ಲಾಗ್" ಅಂತ ಇರುತ್ತದಲ್ಲ, ಅಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಇ. ಮೂರರಲ್ಲೂ 60 ಇರಬೇಕು, ಪಾಸಾಗದ ವಿಷಯ ಉಳಿದಿರಬಾರದು, ಅದು ಒಂದು ಜರಡಿ. ಅರ್ಜಿಗಳು ಸಾವಿರಗಟ್ಟಲೆ ಬರುತ್ತವೆ, ಓದುವವರು ನಾಲ್ಕು ಜನ ಇರುತ್ತಾರೆ, ರಾಶಿ ಕಡಿಮೆ ಆಗಬೇಕು. ಅಷ್ಟೇ ಅದರ ಕೆಲಸ. ನಿಮಗೆ ಸರ್ಕ್ಯೂಟ್ ಅರ್ಥ ಆಗುತ್ತದೋ ಇಲ್ಲವೋ, ಕೋಡ್ ಬರೆಯಲು ಬರುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆದರೆ ಅದರ ಜೊತೆ ಜಗಳ ಆಡಿ ಪ್ರಯೋಜನವೂ ಇಲ್ಲ. ಆನ್‌ಲೈನ್ ಫಾರ್ಮಿನಲ್ಲಿ 5.8 ಅಂತ ಹಾಕಿದ ತಕ್ಷಣ ನಿಮ್ಮ ಹೆಸರು ಹೊರಗೆ ಹೋಗುತ್ತದೆ, ಯಾರೂ ರೆಸ್ಯೂಮೆ ತೆರೆದು ನೋಡುವುದೂ ಇಲ್ಲ. ಹಾಗಾಗಿ ಅರ್ಜಿಯನ್ನು ಒಬ್ಬ ಮನುಷ್ಯ ಕೂತು ಓದುವ ಕಡೆಗೇ ನೀವು ಹೋಗಬೇಕು.

ಅಂಥ ಜಾಗ ಬೇಕಾದಷ್ಟಿವೆ. ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಮೈಸೂರಿನ ಹೆಬ್ಬಾಳದಲ್ಲಿ ಇರುವ ಸಣ್ಣ ಕಾರ್ಖಾನೆಗಳಲ್ಲಿ ಎಷ್ಟೋ ಕಡೆ ಎಚ್‌ಆರ್ ಅಂತಲೇ ಇರುವುದಿಲ್ಲ. ಮಾಲೀಕರೋ ಹಿರಿಯ ಎಂಜಿನಿಯರೋ ತಾವೇ ಮೇಲ್ ನೋಡುತ್ತಾರೆ, ಫೋನ್ ಎತ್ತುತ್ತಾರೆ. ಮೆಕ್ಯಾನಿಕಲ್‌ನವರು ನೇರವಾಗಿ ಹೋಗಿ ಗೇಟಿನ ಹತ್ತಿರ ಕೇಳಿದರೂ ತಪ್ಪಿಲ್ಲ. ಕೋಡಿಂಗ್ ಕಡೆಯವರಿಗೆ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ, ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಪ್ರಾಜೆಕ್ಟೊಂದಕ್ಕೆ ಕೋಡ್ ಬರೆಯುವ ಕಾರ್ಯಕ್ರಮ. 2005ರಿಂದ ನಡೆಯುತ್ತಿದೆ. ನೀವು ಏನು ಮಾಡುತ್ತೀರಿ ಅನ್ನುವ ಪ್ರಸ್ತಾವ, ಅದಕ್ಕೂ ಮುಂಚೆ ಆ ಪ್ರಾಜೆಕ್ಟಿಗೆ ನೀವು ಕಳಿಸಿದ ಕೋಡ್, ಇವನ್ನು ನೋಡಿ ತಗೊಳ್ಳುತ್ತಾರೆ. ಸುಲಭ ಅಂತ ಹೇಳುತ್ತಿಲ್ಲ, ತಿಂಗಳುಗಟ್ಟಲೆ ಮುಂಚೆಯೇ ಶುರು ಮಾಡಬೇಕು. ಆದರೆ ಮಾರ್ಕ್ಸ್ ಕಾರ್ಡ್ ಅಲ್ಲಿ ಅಡ್ಡ ಬರುವುದಿಲ್ಲ.

ಇನ್ನು ಮಾರ್ಕ್ಸ್ ಹೇಗೆ ಹೇಳಬೇಕು? ಮುಚ್ಚಿಡಬೇಡಿ. ರೆಸ್ಯೂಮೆಯಲ್ಲಿ ಸಿಜಿಪಿಎ ಇಲ್ಲದಿದ್ದರೆ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಶೇಕಡಾ ಮಾಡುವಾಗ ನಿಮಗೆ ಅನುಕೂಲವಾದ ಲೆಕ್ಕ ಹಾಕಬೇಡಿ, ನಿಮ್ಮ ಸ್ಕೀಮಿನ (ನೀವು ಓದುವ ಪಠ್ಯಕ್ರಮದ) ಸೂತ್ರವನ್ನೇ ಹಾಕಿ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2018ರ ಸ್ಕೀಮ್‌ನವರು ಸಿಜಿಪಿಎಯಲ್ಲಿ 0.75 ಕಳೆದು 10ರಿಂದ ಗುಣಿಸಬೇಕಿತ್ತು, ಅಂದರೆ 6.75 ಇದ್ದವರಿಗೆ 60. ಆದರೆ 6.2 ಇಟ್ಟುಕೊಂಡು 62 ಪರ್ಸೆಂಟ್ ಅಂತ ಬರೆದವರ ಅರ್ಜಿಗಳನ್ನು ನೋಡಿದ್ದೇನೆ. ಕಡಿಮೆ ಅಂಕವನ್ನು ಒಪ್ಪಬಹುದು, ಸುಳ್ಳು ಲೆಕ್ಕ ಕಂಡ ಮೇಲೆ ಉಳಿದದ್ದನ್ನು ಯಾಕೆ ನಂಬಬೇಕು?

ಒಂದೇ ಸಾಲಿನಲ್ಲಿ ಹೇಳಿ ಮುಗಿಸಿ: ಇಷ್ಟು ಸಿಜಿಪಿಎ, ಇಂಥ ವಿಷಯ ಬಾಕಿ, ಇಂಥ ತಿಂಗಳು ಪರೀಕ್ಷೆ ಕಟ್ಟಿದ್ದೇನೆ. ನಿಜವಾದ ಕಾರಣ ಇದ್ದರೆ ಅದನ್ನೂ ಹೇಳಿ. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಮೊದಲ ಎರಡು ಸೆಮ್ ಪಾಠ ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆದು, ಆಮೇಲೆ ಸೆಮ್‌ನಿಂದ ಸೆಮ್‌ಗೆ ಎಸ್‌ಜಿಪಿಎ (ಒಂದೊಂದೇ ಸೆಮ್‌ನ ಸರಾಸರಿ) ಏರಿಸಿಕೊಂಡವರ 6ಕ್ಕೂ, ಮೊದಲಿಂದ ಎಲ್ಲಾ ಅನುಕೂಲ ಇದ್ದು ಕೆಳಗಿಳಿಯುತ್ತಾ ಬಂದವರ 6ಕ್ಕೂ ನನ್ನ ಲೆಕ್ಕದಲ್ಲಿ ತುಂಬಾ ವ್ಯತ್ಯಾಸ ಇದೆ. ಒಟ್ಟು ಸಿಜಿಪಿಎಯಲ್ಲಿ ಅದು ಕಾಣುವುದಿಲ್ಲ. ಸೆಮ್‌ವಾರು ಅಂಕ ಹಾಕಿ, ಕಾಣುತ್ತದೆ.

ರೆಸ್ಯೂಮೆಯಲ್ಲಿ ಆ ಸಾಲಿನ ಮೇಲಿನ ಜಾಗವೆಲ್ಲಾ ನೀವು ಮಾಡಿದ ಕೆಲಸಕ್ಕೆ. ಸ್ಮಾರ್ಟ್ ಡಸ್ಟ್‌ಬಿನ್, ಮುಖ ನೋಡಿ ಹಾಜರಿ ಹಾಕುವ ಯಂತ್ರ, ಇವು ಎಲ್ಲರ ರೆಸ್ಯೂಮೆಯಲ್ಲೂ ಇವೆ, ಓದಿ ಓದಿ ನಮಗೂ ಸಾಕಾಗಿದೆ. ಒಬ್ಬ ಹುಡುಗನ ಅರ್ಜಿ ಮಾತ್ರ ಇನ್ನೂ ನೆನಪಿದೆ. ಅವನದೂ ಕಟ್‌ಆಫ್‌ಗಿಂತ ಕೆಳಗೇ. ಅಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ತೋಟಕ್ಕೆ ಹೋಗಿ ಮೋಟಾರ್ ಹಾಕಬೇಕಿತ್ತು. ಇವನು ಎಸ್‌ಪಿ ರೋಡಿನಿಂದ ಒಂದು ಸಿಮ್800 ಮಾಡ್ಯೂಲ್ (ಮೊಬೈಲ್ ನೆಟ್‌ವರ್ಕಿಗೆ ಸೇರಿಸುವ ಸಣ್ಣ ಬೋರ್ಡ್) ತಂದು, ಫೋನಿನಿಂದಲೇ ಮೋಟಾರ್ ಹಾಕುವ ಹಾಗೆ ಮಾಡಿದ. ಅಂಥದ್ದು ಬಜಾರಿನಲ್ಲೂ ಸಿಗುತ್ತದೆ, ಅದೇನೂ ಹೊಸದಲ್ಲ. ಆದರೆ ಅವನು ಏನು ಕೆಟ್ಟಿತು ಅಂತ ಬರೆದಿದ್ದ. ಮಾಡ್ಯೂಲ್ ನೆಟ್‌ವರ್ಕ್ ಹಿಡಿಯಲು ಹೋದಾಗೆಲ್ಲಾ ರೀಸೆಟ್ ಆಗುತ್ತಿತ್ತಂತೆ. ಕೋಡಿನಲ್ಲಿ ಹುಡುಕಿದ, ಸಿಗಲಿಲ್ಲ. ಕೊನೆಗೆ ಡೇಟಾಶೀಟ್ ಓದಿದಾಗ, ಸಿಗ್ನಲ್ ಕಳಿಸುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೂ ಎಳೆಯುತ್ತದೆ, ತನ್ನ ಚಿಕ್ಕ ಸಪ್ಲೈ ಅಷ್ಟು ಕೊಡಲಾರದು ಅಂತ ಗೊತ್ತಾಯಿತು. ಸಪ್ಲೈ ಬೇರೆ ಮಾಡಿ, ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಹಾಕಿದ, ರೀಸೆಟ್ ಆಗುವುದು ನಿಂತಿತು. ಇಷ್ಟನ್ನು ಸಾದಾ ಇಂಗ್ಲಿಷ್‌ನಲ್ಲಿ, ವ್ಯಾಕರಣದ ತಪ್ಪುಗಳ ಸಮೇತ ಬರೆದಿದ್ದ, ಬ್ರೆಡ್‌ಬೋರ್ಡಿನ ಫೋಟೋ ಇಟ್ಟಿದ್ದ. ನಮ್ಮ ಕೆಲಸ ಎಂದರೆ ದಿನವೂ ಇದೇ. ಅವನನ್ನು ಕರೆದೆವು, ತಗೊಂಡೆವು.

ನೀವೂ ಹಾಗೆಯೇ ಬರೆಯಿರಿ. ಏನು ಮಾಡಲು ಹೊರಟಿರಿ, ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿದಿರಿ. ಬಿಡಿಸಲು ಆಗದಿದ್ದರೆ ಎಲ್ಲಿಗೆ ನಿಂತಿದೆ ಅಂತ ಹೇಳಿ.

ಈಗ ಕೋಪ ಬರುವ ವಿಷಯ. ವಿಟಿಯುನ 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ ಹೆಚ್ಚುಕಡಿಮೆ ಒಂದು ಸೆಮಿಸ್ಟರಿನಷ್ಟು ಉದ್ದದ ಇಂಟರ್ನ್‌ಶಿಪ್ ಇದೆ, 10 ಕ್ರೆಡಿಟ್. ಮಾಡಲೇಬೇಕು. ಮಾಡಲೇಬೇಕು ಅಂದ ಕಡೆ ದುಡ್ಡು ಮಾಡುವವರು ಹುಟ್ಟಿಕೊಳ್ಳುತ್ತಾರೆ. ಹಣ ಕಟ್ಟಿ, ಬರದಿದ್ದರೂ ಪರವಾಗಿಲ್ಲ, ಸರ್ಟಿಫಿಕೇಟ್ ಮತ್ತು ರಿಪೋರ್ಟ್ ಎರಡೂ ಕೊಡುತ್ತೇವೆ ಅನ್ನುತ್ತಾರೆ. ಇವರ ಕೈಗೆ ಸಿಗುವುದು ಅಂಕ ಕಡಿಮೆ ಇರುವವರೇ, ಯಾಕೆಂದರೆ ಬೇರೆ ಯಾರೂ ತಗೊಳ್ಳಲ್ಲ ಅಂತ ಆ ವಿದ್ಯಾರ್ಥಿಗಳನ್ನು ಹೆದರಿಸುವುದು ಸುಲಭ. ದಯವಿಟ್ಟು ಕೊಡಬೇಡಿ. ಆ ಸರ್ಟಿಫಿಕೇಟನ್ನು ಹಿಡಿದು ಎರಡು ಪ್ರಶ್ನೆ ಕೇಳಿದರೆ ಮುಂದೆ ಮಾತಿಲ್ಲ. ಮನೆಯವರು ಸಾಲ ಮಾಡಿ ಫೀಸ್ ಕಟ್ಟಿರುತ್ತಾರೆ, ಅದರ ಮೇಲೆ ಇದು ಬೇರೆ. ಅದೇ ದುಡ್ಡಿನಲ್ಲಿ ಒಂದು ಒಳ್ಳೆ ಮೈಕ್ರೋಕಂಟ್ರೋಲರ್ ಬೋರ್ಡ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಬಂದು ಇನ್ನೂ ಉಳಿಯುತ್ತದೆ.

ಬ್ಯಾಕ್ ಇದೆ ಅಂತ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೊಡದೆ ಸತಾಯಿಸುವ ಕಾಲೇಜುಗಳೂ ಇವೆ. ಕಂಪನಿಯೇ ತಗೊಳ್ಳಲು ತಯಾರಿರುವಾಗ ಕಾಲೇಜು ಯಾಕೆ ತಡೆಯಬೇಕು? ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಎಚ್‌ಒಡಿಯನ್ನು (ವಿಭಾಗದ ಮುಖ್ಯಸ್ಥರನ್ನು) ಕಂಡು, ಕಂಪನಿಯ ಮೇಲ್ ತೋರಿಸಿ, ವಿನಯದಿಂದಲೇ ಆದರೆ ಬಿಡದೆ ಕೇಳಿ.

ಹಾಗಂತ ಬ್ಯಾಕ್ ಹಾಗೇ ಬಿಡಬೇಡಿ, ಮೊದಲು ಕ್ಲಿಯರ್ ಮಾಡಿ. ಸರ್ಕಾರಿ ಕಂಪನಿಗಳ ಅಪ್ರೆಂಟಿಸ್ ಪಟ್ಟಿ ಹೆಚ್ಚಾಗಿ ಅಂಕದ ಮೇಲೇ ನಡೆಯುತ್ತದೆ, ಎಂ.ಟೆಕ್‌ಗೂ ಅಂಕ ಕೇಳುತ್ತಾರೆ. ಅಂಕ ಏನೂ ಅಲ್ಲ ಅಂತ ವೇದಿಕೆ ಮೇಲೆ ಹೇಳುವವರ ಮಾತು ಕೇಳಬೇಡಿ.

ಇನ್ನು ಕಂಪನಿಗಳಲ್ಲಿ ಇಂಟರ್ನ್ ಆಯ್ಕೆ ಮಾಡುವ ನನ್ನ ಓರಗೆಯವರಿಗೆ ಒಂದು ಮಾತು. ಫಾರ್ಮಿನಲ್ಲಿ ಸಿಜಿಪಿಎ ಕೇಳಿ, ತಪ್ಪಿಲ್ಲ. ಅದರ ಕೆಳಗೆ "ನೀವೇ ಮಾಡಿದ ಒಂದು ಕೆಲಸ, ಅದರಲ್ಲಿ ಏನು ಕೆಟ್ಟಿತು" ಅಂತ ಒಂದು ಜಾಗ ಬಿಡಿ. ಕಟ್‌ಆಫ್‌ಗಿಂತ ಕೆಳಗಿರುವವರು ಅಲ್ಲಿ ಬರೆದದ್ದನ್ನೂ ಓದಿ. ವಾರಕ್ಕೆ ಒಂದು ಸಂಜೆಯ ಕೆಲಸ ಅದು.