ಪೈಲಟ್ ಮಲಗಿದರೆ ದೇಶಕ್ಕೆ ನಷ್ಟ

2025ರ ಡಿಸೆಂಬರ್‌ನಲ್ಲಿ ಏನಾಯಿತೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯಿತು, ರಾತ್ರಿ ಡ್ಯೂಟಿಯಲ್ಲಿ ಆರು ಸಲ ಲ್ಯಾಂಡಿಂಗ್ ಮಾಡಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಅಷ್ಟಕ್ಕೇ ದೇಶದ ಅತಿ ದೊಡ್ಡ ವಿಮಾನ ಕಂಪನಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿ ಕೈಚೆಲ್ಲಿ ಕೂತಿತು. ನಿಯಮ ಹೊರಬಿದ್ದದ್ದು 2024ರ ಜನವರಿಯಲ್ಲಿ. ಜಾರಿಯಾದದ್ದು 2025ರ ಜುಲೈ 1 ಮತ್ತು ನವೆಂಬರ್ 1ರಂದು, ಎರಡು ಕಂತಿನಲ್ಲಿ. ಹೆಚ್ಚೂಕಡಿಮೆ ಎರಡು ವರ್ಷ ಮೊದಲೇ ತಿಳಿದಿದ್ದ ಸಂಗತಿಯನ್ನು ಆಕಸ್ಮಿಕ ಎಂದು ಕರೆಯುವುದಕ್ಕೂ ಒಂದು ಗುಂಡಿಗೆ ಬೇಕು, ಮೆಚ್ಚೋಣ.

ಹುಬ್ಬಳ್ಳಿಯಲ್ಲಿ ಆ ವಾರ ಒಂದು ಆರತಕ್ಷತೆ ನಡೆಯಿತು. ಅಲಂಕಾರ ಇತ್ತು, ಊಟ ಇತ್ತು, ನೆಂಟರಿಷ್ಟರೆಲ್ಲ ಬಂದಿದ್ದರು. ಮದುಮಕ್ಕಳು ಮಾತ್ರ ಭುವನೇಶ್ವರದಲ್ಲಿ ಸಿಕ್ಕಿಬಿದ್ದು ಪರದೆಯ ಮೇಲೆ ಕಾಣಿಸಿಕೊಂಡರು. ವೇದಿಕೆಯ ಕುರ್ಚಿಯಲ್ಲಿ ಹುಡುಗಿಯ ತಂದೆತಾಯಿ ಕೂತರು. ಮುಯ್ಯಿಯ ಕವರು ಯಾರ ಕೈಗೆ ಕೊಡಬೇಕೆಂಬ ಪ್ರಶ್ನೆಗೆ ನಾಗರಿಕ ವಿಮಾನಯಾನ ನಿಯಮಾವಳಿಯಲ್ಲಿ ಇನ್ನೂ ಉತ್ತರ ಬಂದಿಲ್ಲ.

ಸರ್ಕಾರ ಸುಮ್ಮನೆ ಕೂರಲಿಲ್ಲ ಮತ್ತೆ. 500 ಕಿಲೋಮೀಟರ್ ಒಳಗಿನ ಟಿಕೆಟ್ 7,500 ರೂಪಾಯಿ ದಾಟಬಾರದು ಎಂದು ಗುಡುಗಿತು. ಇದೇ ದೂರಕ್ಕೆ, ಒಂದು ಗಂಟೆಯ ಹಾರಾಟಕ್ಕೆ, 2,500 ರೂಪಾಯಿ ಸಾಕು, ಹವಾಯಿ ಚಪ್ಪಲಿ ಹಾಕಿದವನೂ ಹವೆಯಲ್ಲಿ ಹಾರಲಿ ಎಂದು 2017ರಲ್ಲಿ, ಸಣ್ಣ ಊರಿಗೆ ಸಬ್ಸಿಡಿ ಕೊಟ್ಟು ಹಾರಿಸುವ ಉಡಾನ್ ವಿಮಾನಕ್ಕೆ ಹಸಿರು ನಿಶಾನೆ ತೋರಿಸಿದ್ದೂ ಇದೇ ಸರ್ಕಾರ. ಹೋಗ್ಲಿ ಬಿಡ್ರಿ, ಚಪ್ಪಲಿ ರೇಟೂ ಏರಿದೆ. ಜೊತೆಗೆ, ಪೈಲಟ್ ಹಾಕಿದ ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಚ್ಚಬಾರದು ಎಂಬ ಸಾಲನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಹಿಂದಕ್ಕೆ ಪಡೆಯಿತು. ಅಂದರೆ ಮಗಳ ನಾಮಕರಣಕ್ಕೆ ರಜೆ ಹಾಕಿ ಇಡೀ ದಿನ ಪೆಂಡಾಲಿನಲ್ಲಿ ಓಡಾಡಿದರೆ ಅದೂ ನಿದ್ದೆಯೇ.

ಇಷ್ಟೆಲ್ಲ ಆದ ಮೇಲೆ ಬೆಳಗಾವಿ ಕ್ಯಾಂಪಿನ ಚಹಾ ಅಂಗಡಿಯಿಂದ ಟಿವಿ ಸ್ಟುಡಿಯೋ ತನಕ ಒಂದೇ ತೀರ್ಪು: ‘ಪೈಲಟ್‌ಗಳಿಗೆ ಪಗಾರ ಭಾಳ ಆತು, ಅದಕ್ಕ ಸಣ್ಣ ಊರಿಗೆ ವಿಮಾನ ನಿಲ್ಲವಲ್ಲವು.’ ಸರಿ, ಲೆಕ್ಕ ಹಾಕಿಯೇ ಬಿಡೋಣ.

ಕ್ಯಾಪ್ಟನ್‌ಗೆ ತಿಂಗಳಿಗೆ 6 ಲಕ್ಷ, ಕೋ-ಪೈಲಟ್‌ಗೆ 2 ಲಕ್ಷ ಎಂದಿಟ್ಟುಕೊಳ್ಳಿ. ಇಬ್ಬರೂ ತಿಂಗಳಿಗೆ 60 ಗಂಟೆ ಹಾರಿದರೆ ಗಂಟೆಗೆ ಸುಮಾರು 13,300 ರೂಪಾಯಿ. 50 ಸೀಟಿನ ಸಣ್ಣ ಜೆಟ್‌ನಲ್ಲಿ ಸೀಟಿಗೆ 267 ರೂಪಾಯಿ ಬಿತ್ತು. ಅದೇ ಜೋಡಿಯನ್ನು 180 ಸೀಟಿನ ಏರ್‌ಬಸ್ 320ರಲ್ಲಿ ಕೂರಿಸಿದರೆ ಸೀಟಿಗೆ 74. ವಿಮಾನ ಸಣ್ಣದಾಯಿತೆಂದು ಒಬ್ಬ ಪೈಲಟ್ ಸಾಕು ಅನ್ನುವ ಹಾಗಿಲ್ಲ, ಇಬ್ಬರು ಬೇಕೇ ಬೇಕು. ಸಣ್ಣ ಕಂಪನಿಗೆ ಪಗಾರ ಭಾರ ಅನ್ನಿಸುವುದು ಹೀಗೆ. ಆದರೆ ಆ ಜೆಟ್ ಗಂಟೆಗೆ ಸುಮಾರು ಒಂದು ಟನ್ ಇಂಧನ ಕುಡಿಯುತ್ತದೆ, ಅಂದರೆ 1,250 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದು ಲಕ್ಷ ದಾಟಿತು. ಇತ್ತ ಉಡಾನ್ ನಿಯಮದಂತೆ ಅರ್ಧ ಸೀಟು ಅಗ್ಗದ ದರಕ್ಕೆ: 25 ಸೀಟಿಗೆ 2,500ರಂತೆ 62,500. ಅಷ್ಟರಿಂದ ಇಂಧನದ ಬಿಲ್ಲೇ ತೀರಲಿಲ್ಲ, ವಿಮಾನದ ಬಾಡಿಗೆ ಡಾಲರ್‌ನಲ್ಲಿ ಬಾಕಿ ಇದೆ, ಎಂಜಿನ್ ದುರಸ್ತಿಗೆ ಗಂಟೆ ಲೆಕ್ಕದಲ್ಲಿ ಎತ್ತಿಡಬೇಕಾದ ದುಡ್ಡು ಬೇರೆ. ಇದರ ನಡುವೆ ಆ 267 ರೂಪಾಯಿ ಎಲ್ಲರ ಕಣ್ಣಿಗೆ ಚುಚ್ಚಿತು ನೋಡಿ.

ಪೈಲಟ್ ಪಗಾರದಿಂದ ಸಣ್ಣ ಕಂಪನಿ ಮುಳುಗುವುದಿಲ್ಲ. ಪೈಲಟ್ ಇಲ್ಲದೆ ಮುಳುಗುತ್ತದೆ.

ಒಂದೇ ವಿಮಾನ ದಿನಕ್ಕೆ 9 ಗಂಟೆ ಹಾರಿದರೆ ವರ್ಷಕ್ಕೆ 3,285 ಗಂಟೆ. ಒಬ್ಬ ಪೈಲಟ್‌ಗೆ ಕಾನೂನಿನ ಮಿತಿ ವರ್ಷಕ್ಕೆ 1,000. ರಜೆ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ, ವೈದ್ಯಕೀಯ ತಪಾಸಣೆ, ಸ್ಟ್ಯಾಂಡ್‌ಬೈ ಎಲ್ಲ ಕಳೆದರೆ ಕೈಗೆ ಸಿಗುವುದು 700ರ ಆಸುಪಾಸು. ಅಲ್ಲಿಗೆ ಒಂದು ವಿಮಾನಕ್ಕೆ ಐದು ಕ್ಯಾಪ್ಟನ್, ಐದು ಕೋ-ಪೈಲಟ್. ಐದರಲ್ಲಿ ಇಬ್ಬರು ಕ್ಯಾಪ್ಟನ್ ದೊಡ್ಡ ಕಂಪನಿಗೆ ಹಾರಿದರು ಅನ್ನಿ. ಕೋ-ಪೈಲಟ್‌ನನ್ನು ಬಡ್ತಿ ಕೊಟ್ಟು ಎಡಗಡೆ ಸೀಟಿಗೆ ಕೂರಿಸೋಣವೆಂದರೆ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆ ಬೇಕು, ಆಮೇಲೆ ಸಿಮ್ಯುಲೇಟರ್, ಆಮೇಲೆ ತರಬೇತುದಾರನ ಜೊತೆ ತಿಂಗಳುಗಟ್ಟಲೆ ಲೈನ್ ಟ್ರೇನಿಂಗ್. ಅಷ್ಟರೊಳಗೆ ವಾರಕ್ಕೆ ಏಳು ಹಾರಾಟ ಇದ್ದದ್ದು ಮೂರಾಗಿರುತ್ತದೆ. ಹಾರದ ವಿಮಾನಕ್ಕೆ ಸಬ್ಸಿಡಿ ಇಲ್ಲ. ಬಾಡಿಗೆ ಮಾತ್ರ ಉಂಟು.

ಇದನ್ನು ತಡೆಯಲು ಡಿಜಿಸಿಎ 2017ರಲ್ಲಿ ಒಂದು ಉಪಾಯ ಮಾಡಿತು: ಕೆಲಸ ಬಿಡುವ ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಕೋ-ಪೈಲಟ್ ಆರು ತಿಂಗಳು. ಬಲು ಒಳ್ಳೆಯದು. ಇದನ್ನು ಬೇರೆ ವೃತ್ತಿಗಳಿಗೂ ವಿಸ್ತರಿಸಬಹುದಿತ್ತು. 2019ರ ಜುಲೈನಲ್ಲಿ ಗೋಕಾಕ, ಅಥಣಿಯ ಶಾಸಕರು ರಾಜೀನಾಮೆ ಬಿಸಾಕಿ ಮುಂಬೈ ಹೋಟೆಲ್ ಸೇರಿದಾಗ ಅವರಿಗೆ ಒಂದು ವರ್ಷದ ನೋಟಿಸ್ ಪೀರಿಯಡ್ ಇದ್ದಿದ್ದರೆ ಕರ್ನಾಟಕದ ಇತಿಹಾಸವೇ ಬೇರೆಯಾಗುತ್ತಿತ್ತು. ಅವರು ಹೊರಟ ವಿಮಾನ ರದ್ದಂತೂ ಆಗಲಿಲ್ಲ. ಅದರ ಪೈಲಟ್‌ಗೆ ಎಷ್ಟು ಪಗಾರ ಎಂದು ಚಹಾ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ.

ಇನ್ನು, ಬಂಡಿಗಟ್ಟಲೆ ಪೈಲಟ್‌ಗಳನ್ನು ತಯಾರು ಮಾಡೋಣ ಎನ್ನುವ ಪರಿಹಾರ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್ ಬೇಕು ಎಂದು ಕೇಂದ್ರ ಸಚಿವರೇ ಹೇಳಿದ್ದಾರೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಕಟ್ಟಿದ ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಹಾರಾಟ ತರಬೇತಿಗೂ ಜಾಗ ಕೊಟ್ಟಿದ್ದಾರೆ. ಅಲ್ಲಿ ಸೇರಿದ ಹುಡುಗನ ಲೆಕ್ಕ ಹೀಗಿದೆ. ವಾಣಿಜ್ಯ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಅದರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ. ಹವಾಮಾನ, ನ್ಯಾವಿಗೇಶನ್, ನಿಯಮಾವಳಿ, ತಾಂತ್ರಿಕ ವಿಷಯ, ಪ್ರತಿಯೊಂದರಲ್ಲೂ 70 ಅಂಕ ಬೇಕು. ಖರ್ಚು 50 ಲಕ್ಷದ ಆಚೀಚೆ. ಒಂದು ವರ್ಷದಲ್ಲಿ ಮುಗಿಯುತ್ತದೆ ಎಂದು ಎಣಿಸಿದರೆ ಜೂನ್ ಬರುತ್ತದೆ. ಬೆಳಗಾವಿಯ ಜೂನ್, ಜುಲೈ ಹೇಗೆಂದು ಗೊತ್ತಲ್ಲ: ಮೋಡ ತೆಂಗಿನ ಮರದ ಎತ್ತರಕ್ಕೆ ಬಂದು ಕೂರುತ್ತದೆ, ಕಣ್ಣಳತೆಯಲ್ಲಿ ಹಾರಬೇಕಾದ ತರಬೇತಿ ವಿಮಾನ ಹ್ಯಾಂಗರ್ ಬಿಟ್ಟು ಕದಲುವುದಿಲ್ಲ. ಮಳೆ ನಿಂತಾಗ ಬಿಡಿಭಾಗ ಬಂದಿರುವುದಿಲ್ಲ. ಬಿಡಿಭಾಗ ಬಂದಾಗ ತರಬೇತುದಾರನೇ ಏರ್‌ಲೈನ್ ಸೇರಿರುತ್ತಾನೆ. ಒಂದು ವರ್ಷ ಎರಡಾಗುತ್ತದೆ. ಲೈಸೆನ್ಸ್ ಕೈಗೆ ಬಂದಾಗ ಇನ್ನೊಂದು ಸಂಗತಿ ತಿಳಿಯುತ್ತದೆ: ಎ320ರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಹಾರಿಸುವ ಅರ್ಹತೆ, ಇಲ್ಲದಿದ್ದರೆ ಅರ್ಜಿಯನ್ನು ಯಾರೂ ಮೂಸಿ ನೋಡುವುದಿಲ್ಲ, ಅದಕ್ಕೆ ಮತ್ತೆ 15-20 ಲಕ್ಷ. ಕಾಯುತ್ತ ಕೂತರೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಕೊಂಡೇ ಹಾರುವ ಅರ್ಹತೆ) ವರ್ಷಕ್ಕೇ ತೀರುತ್ತದೆ, ನವೀಕರಿಸಲು ಮತ್ತೆ ದುಡ್ಡು ಕೊಟ್ಟು ಹಾರಬೇಕು. ಅಷ್ಟೊತ್ತಿಗೆ ಹುಕ್ಕೇರಿ ಕಡೆಯ ನಾಲ್ಕೆಕರೆ ಕಬ್ಬಿನ ಹೊಲ ಬ್ಯಾಂಕಿಗೆ ಬರೆದುಕೊಟ್ಟಾಗಿರುತ್ತದೆ. ದೇಶದಲ್ಲಿ ಪೈಲಟ್ ಕೊರತೆ ಇದೆ ಎಂದು ಅದೇ ದಿನದ ಪತ್ರಿಕೆಯಲ್ಲಿ ಬಂದಿರುತ್ತದೆ. ಕೊರತೆ ಇರುವುದು ಕ್ಯಾಪ್ಟನ್‌ಗಳದ್ದು. 200 ಗಂಟೆಯ ಹುಡುಗರು ಮನೆಯಲ್ಲೇ ಇದ್ದಾರೆ.

ಅಮೆರಿಕದವರು ಇದನ್ನೆಲ್ಲ ಮೊದಲೇ ಮಾಡಿ ಮುಗಿಸಿದ್ದಾರೆ. 2009ರಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತಾಗ, ಅದರ ಕೋ-ಪೈಲಟ್‌ಗೆ ವರ್ಷಕ್ಕೆ ಸಿಗುತ್ತಿದ್ದದ್ದು 16 ಸಾವಿರ ಡಾಲರ್ ಚಿಲ್ಲರೆ ಎಂಬುದು ವಿಚಾರಣೆಯಲ್ಲಿ ಹೊರಬಂತು. ಸಿಯಾಟಲ್‌ನಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಬಂದು ಡ್ಯೂಟಿ ಹತ್ತಿದ್ದರು ಆಕೆ. ಆಮೇಲೆ 1,500 ಗಂಟೆಯ ನಿಯಮ ಬಂತು. ಪೈಲಟ್ ಸಿಗದಾದಾಗ, 2022ರಲ್ಲಿ, ಪೀಡ್‌ಮಾಂಟ್, ಎನ್ವಾಯ್‌ನಂಥ ಪ್ರಾದೇಶಿಕ ಕಂಪನಿಗಳು ಹೊಸ ಕೋ-ಪೈಲಟ್‌ಗೇ ಗಂಟೆಗೆ 90 ಡಾಲರ್ ಎಂದವು. ಅದೇ ವರ್ಷ ಸ್ಕೈವೆಸ್ಟ್ ಪೈಲಟ್ ಇಲ್ಲವೆಂದು ಸಬ್ಸಿಡಿ ಇದ್ದ 29 ಊರು ಬಿಡುತ್ತೇವೆ ಎಂದು ಅರ್ಜಿ ಹಾಕಿತು. ಪಗಾರ ಕೊಡದೆ ಹದಿಮೂರು ವರ್ಷ ಉಳಿಸಿದ್ದನ್ನು ಒಂದೇ ವರ್ಷದಲ್ಲಿ ಕಕ್ಕಿದರು.

ನಮ್ಮಲ್ಲಿ ಹಾಗಾಗದು, ನಾವು ಊರು ಬಿಡುವುದಕ್ಕೆ ಅರ್ಜಿಯನ್ನೂ ಹಾಕುವುದಿಲ್ಲ. ಉಡಾನ್‌ನ ಮೊದಲ ಮೂರು ಸುತ್ತಿನಲ್ಲಿ ಹಂಚಿದ್ದು 774 ಮಾರ್ಗ. ಸಿಎಜಿ 2023ರಲ್ಲಿ ಎಣಿಸಿದಾಗ 403 ಮಾರ್ಗಗಳಲ್ಲಿ ಒಂದೂ ವಿಮಾನ ಹಾರಿರಲಿಲ್ಲ. ಹಾರಿದ 371ರಲ್ಲಿ ಸಬ್ಸಿಡಿಯ ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ನಿಂತ ಮೇಲೂ ಉಸಿರಾಡುತ್ತಿದ್ದದ್ದು 54. ಇದು ಜೋಕಲ್ಲ. ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ಯಲು ಟಿಕೆಟ್ ತೆಗೆದವನಿಗೆ ಹಿಂದಿನ ರಾತ್ರಿ ‘ಕಾರ್ಯಾಚರಣೆಯ ಕಾರಣಗಳಿಂದ ರದ್ದು’ ಎಂದು ಮೆಸೇಜ್ ಬಂದರೆ ಅವನು ಈ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡಬೇಕು? ಮೂರು ವರ್ಷದ ಸಬ್ಸಿಡಿ, ಅದು ಮುಗಿದ ದಿನ ವಿಮಾನ ಮಾಯ, ಮತ್ತೆ ಮನವಿಪತ್ರ, ಮತ್ತೆ ಸಂಸದರು ದೆಹಲಿಗೆ. ಬೀದರಿನಲ್ಲಿ ನಿಂತ ವಿಮಾನ 2025ರ ಏಪ್ರಿಲ್‌ನಲ್ಲಿ ಮತ್ತೆ ಬಂದದ್ದು ರಾಜ್ಯ ಸರ್ಕಾರ ನಷ್ಟ ತುಂಬಿಕೊಡುತ್ತೇನೆ ಎಂದ ಮೇಲೆ. ಸಾಕಾಗಿದೆ.

ಹೆಸರಿಡುವುದರಲ್ಲಿ ಮಾತ್ರ ನಾವು ಎಂದೂ ತಡ ಮಾಡಿದವರಲ್ಲ. 2023ರ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಬೆಳಗಾವಿಗೆ ಕಿತ್ತೂರು ರಾಣಿ ಚನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ವಿಜಯಪುರಕ್ಕೆ ಜಗಜ್ಯೋತಿ ಬಸವೇಶ್ವರ ಎಂದು ನಿಲ್ದಾಣಗಳಿಗೆ ಹೆಸರಿಡುವ ನಿರ್ಣಯ ಆಯಿತು. ಆಗ ವಿಜಯಪುರದಲ್ಲಿ ಒಂದು ವಿಮಾನವೂ ಇಳಿದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ. ಬುರಣಾಪುರದ ಆ ನಿಲ್ದಾಣವನ್ನು ಮೊದಲು ಎಟಿಆರ್-72ಕ್ಕೆಂದು ಯೋಜಿಸಿ, ಆಮೇಲೆ ಏರ್‌ಬಸ್ 320ಕ್ಕೆ ಏರಿಸಿದರು. ಏರಿಸಿದ್ದರಿಂದ ಅಗ್ನಿಶಾಮಕ ದರ್ಜೆ 5ರಿಂದ 6ಕ್ಕೆ ಏರಿ, ಒಂದರ ಬದಲು ಎರಡು ಅಗ್ನಿಶಾಮಕ ವಾಹನ ಬೇಕು. ದಿನಾ 70 ಪ್ರಯಾಣಿಕರ ಬದಲು 180 ಪ್ರಯಾಣಿಕರು ಬೇಕು. ಮಾರುಕಟ್ಟೆಯಲ್ಲಿ ಎಲ್ಲರೂ ಕಿತ್ತಾಡುತ್ತಿರುವ ಎ320ರ ಕ್ಯಾಪ್ಟನ್‌ಗಳೇ ಬೇಕು.

ಎರಡು ವಾಹನ ಬಂದೇ ಬರುತ್ತವೆ, ಯಾಕೆಂದರೆ ಮೊದಲ ವಿಮಾನಕ್ಕೆ ಎರಡೂ ಕಡೆಯಿಂದ ನೀರು ಹಾರಿಸಿ ಸ್ವಾಗತ ಕೋರಬೇಕು. ಆ ದಿನ ವೇದಿಕೆ ಹತ್ತಿ, ಈ ಮಾರ್ಗಕ್ಕೆ ನೇಮಕವಾದ ಐವರು ಕ್ಯಾಪ್ಟನ್ ಯಾರು, ನಾಲ್ಕನೇ ವರ್ಷ ಅವರಿಗೆ ಪಗಾರ ಯಾರು ಕೊಡುತ್ತಾರೆ ಎಂದು ಯಾರಾದರೂ ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ, ಶಾಲು ಹಾರ ಅಂತೂ ಸಿಗುವುದಿಲ್ಲ.