ಸತ್ಯಾಂಶ: 3,500 ಪದ ಉರು ಹೊಡೆದರೆ ಜಿಆರ್‌ಇ ಗೆದ್ದಂತೆಯೇ?

‘ಇಟಿಎಸ್ ಸಂಸ್ಥೆಯೇ ಕೊಟ್ಟ 3,500 ಪದಗಳ ಪಟ್ಟಿ. ಬಾಯಿಪಾಠ ಮಾಡಿದರೆ ಜಿಆರ್‌ಇ ವರ್ಬಲ್‌ನಲ್ಲಿ 170ಕ್ಕೆ 170’ ಎಂಬ ಸಂದೇಶ ಅಮೆರಿಕದಲ್ಲಿ ಎಂಎಸ್ ಮಾಡಲು ಹೊರಟವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಜಿಆರ್‌ಇ ಎಂದರೆ ಇಂಥ ಸ್ನಾತಕೋತ್ತರ ಕೋರ್ಸ್‌ಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆ, ವರ್ಬಲ್ ಅದರ ಇಂಗ್ಲಿಷ್ ಭಾಷೆಯ ವಿಭಾಗ. ಆದರೆ ಸಂದೇಶ ಹೇಳುವುದು ನಿಜವಲ್ಲ.

ಪರೀಕ್ಷೆ ನಡೆಸುವ ಇಟಿಎಸ್ ಅಂಥ ಅಧಿಕೃತ ಪಟ್ಟಿಯನ್ನೇ ಕೊಡುವುದಿಲ್ಲ. ಈ ನಂಬಿಕೆ ಹಳೆಯ ಕಾಲದ ಪಳೆಯುಳಿಕೆ. ಆಗ ವಿರುದ್ಧಾರ್ಥಕ ಪದಗಳ ನೇರ ಪ್ರಶ್ನೆಗಳಿದ್ದವು, ಉರು ಹೊಡೆದದ್ದು ಉಪಯೋಗಕ್ಕೆ ಬರುತ್ತಿತ್ತು. 2011ರ ಆಗಸ್ಟ್‌ನಲ್ಲಿ ಅವನ್ನು ತೆಗೆದರು. ಈಗ ವರ್ಬಲ್‌ನ 27 ಪ್ರಶ್ನೆಗಳಲ್ಲಿ ಸುಮಾರು ಅರ್ಧ ಗದ್ಯಭಾಗ ಓದಿ ಉತ್ತರಿಸುವಂಥವು. ಉಳಿದವು ಬಿಟ್ಟ ಸ್ಥಳ ತುಂಬುವಂಥವು, ಅಲ್ಲೂ ವಾಕ್ಯದ ಜಾಡು ಹಿಡಿಯಬೇಕು.

ಕಾಲೆಳೆಯುವುದು ಅಪರೂಪದ ಪದಗಳಷ್ಟೇ ಅಲ್ಲ. ‘ಸ್ಯಾಂಕ್ಷನ್’ ನೋಡಿ. ಸಾಲ ಸ್ಯಾಂಕ್ಷನ್ ಆಯಿತು ಎಂದು ದಿನಾ ಹೇಳುವ ನಮಗೆ ಅದು ಮಂಜೂರಾತಿ. ಆದರೆ ದೇಶವೊಂದರ ಮೇಲೆ ಸ್ಯಾಂಕ್ಷನ್ ಹೇರಿದರೆ ಅದು ದಂಡನೆ! ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದು ಸರಿ. ಆಡಿದ ಮಾತಿಗೆ ಮಿತಿ ಹಾಕುವುದೂ ಹೌದು.

ಹಾಗೆಂದು ಪದ ಕಲಿಯುವುದೇ ವ್ಯರ್ಥ ಎನ್ನುತ್ತಿಲ್ಲ. ದಿನಕ್ಕೆ ಹತ್ತು ಪದ, ಪ್ರತಿಯೊಂದೂ ಒಂದು ವಾಕ್ಯದೊಳಗೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಜೊತೆಗೆ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ.